ಮೊದಲು ಪ್ರಶ್ನೆ, ಆಮೇಲೆ ಪಾನಾ

ಅಂಕೋಲಾ ತಾಲೂಕಿನ ಹಿಲ್ಲೂರು ಕಡೆ ಹಳೆಯ ಗಾಡಿ ಇಟ್ಟುಕೊಂಡವರಿಗೆ ಆಷಾಢದ ಬೆಳಗುಗಳು ಸಲೀಸಾಗಿ ಶುರುವಾಗುವುದಿಲ್ಲ. ರಾತ್ರಿಯಿಡೀ ಸುರಿದ ಮಳೆ, ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತ ಜೀಪು ಅಥವಾ ಮಾರುತಿ, ಆಸ್ಪತ್ರೆಗೋ ಸಂತೆಗೋ ಹೊರಟ ಮನೆಮಂದಿ. ಕೀಲಿ ತಿರುಗಿಸಿದರೆ ಒಂದೋ ಗಾಡಿ ಉಸಿರೇ ಎತ್ತುವುದಿಲ್ಲ, ಇಲ್ಲವೇ ಗರಗರ ತಿರುಗಿ ಸುಮ್ಮನಾಗುತ್ತದೆ. ಚಾಲೂ ಆದರೂ ಒಂದು ಸಿಲಿಂಡರ್ ಕೈಕೊಟ್ಟು ಇಡೀ ಗಾಡಿ ನಡುಗುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ ‘ಮಿಸ್ಸಿಂಗ್ ಹೊಡೆಯುತ್ತದೆ’.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವಾಗ, ಹಳೆಯ ಎಂಜಿನ್ನಿನ ಕಾಯಿಲೆಗಳಿಗೆ ಒಂದು ಸ್ಥಳೀಯ ಗುಣ ಬಂದುಬಿಡುತ್ತದೆ. ಡೆಲ್ಲಿಯ ಗಾಡಿಗೆ ಚಳಿ ಕಾಡಿದರೆ ಇಲ್ಲಿಯ ಗಾಡಿಗೆ ತೇವ ಕಾಡುತ್ತದೆ. ತೇವ ಎಂದರೆ ನೀರು ನುಗ್ಗಬೇಕೆಂದೇನಿಲ್ಲ. ತಂತಿಯ ತುದಿಯಲ್ಲಿ ಹಸಿರುಗಟ್ಟಿದ ತಾಮ್ರ, ಬ್ಯಾಟರಿ ಕೊಂಡಿಯ ಮೇಲೆ ಬೆಳೆದ ಬಿಳಿ ಪುಡಿ, ಪ್ಲಗ್ ವೈರಿನ ರಬ್ಬರಿನೊಳಗೆ ಕೂತ ಪಸೆ ಸಾಕು.

ಆದರೆ ಇಂಥ ಗಾಡಿ ಗ್ಯಾರೇಜಿಗೆ ಹೋದಾಗ ಸಾಮಾನ್ಯವಾಗಿ ಆಗುವುದೇನು? ಮೊದಲು ಪ್ಲಗ್ ಬದಲು. ಸರಿಹೋಗಲಿಲ್ಲವೇ, ಬ್ಯಾಟರಿ ಬದಲು. ಅದೂ ಆಗಲಿಲ್ಲವೇ, ಪೆಟ್ರೋಲ್ ಪಂಪ್. ಕೊನೆಗೆ ಇಪ್ಪತ್ತು ರೂಪಾಯಿಯ ಅರ್ಥಿಂಗ್ ವೈರ್ ಸಡಿಲಾಗಿತ್ತು ಎಂದು ಗೊತ್ತಾಗುವ ಹೊತ್ತಿಗೆ ಮಾಲೀಕನ ಕಿಸೆಯಿಂದ ಸಾವಿರಗಟ್ಟಲೆ ಹೋಗಿರುತ್ತದೆ. ಬಿಡಿಭಾಗ ಬದಲಿಸುವುದೇ ಬೇರೆ, ಕಾಯಿಲೆ ಹುಡುಕುವುದೇ ಬೇರೆ. ಎರಡನೆಯದಕ್ಕೆ ದುಬಾರಿ ಯಂತ್ರ ಬೇಡ. ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ನಾಲ್ಕು ಪಾನಾ, ಜೊತೆಗೆ ಯಾವ ಪ್ರಶ್ನೆಯನ್ನು ಯಾವ ಪ್ರಶ್ನೆಗಿಂತ ಮೊದಲು ಕೇಳಬೇಕೆಂಬ ಕ್ರಮ ಗೊತ್ತಿದ್ದರೆ ಸಾಕು.

ಮೊದಲ ಪ್ರಶ್ನೆ ತೀರಾ ಸರಳ: ಎಂಜಿನ್ ತಿರುಗುತ್ತಿದೆಯೋ, ಇಲ್ಲವೋ? ‘ಗಾಡಿ ಚಾಲೂ ಆಗ್ತಿಲ್ಲ ಮಾರಾಯ್ರೆ’ ಎಂದು ಫೋನಿನಲ್ಲಿ ಹೇಳುವವರು ಈ ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಇವೆರಡೂ ಸಂಬಂಧವೇ ಇಲ್ಲದ ಎರಡು ಕಾಯಿಲೆಗಳು. ಸೆಲ್ಫ್ ಹೊಡೆದಾಗ ಎಂಜಿನ್ ತಿರುಗದಿದ್ದರೆ ಪೆಟ್ರೋಲು, ಪ್ಲಗ್ಗು, ಕಾರ್ಬ್ಯುರೇಟರ್ ಯಾವುದನ್ನೂ ಮುಟ್ಟಬೇಕಾಗಿಲ್ಲ. ಹುಡುಕಾಟ ಬ್ಯಾಟರಿ, ಕೇಬಲ್, ಸ್ಟಾರ್ಟರ್ ಮೋಟಾರ್ ಇಷ್ಟರೊಳಗೇ ಮುಗಿಯಬೇಕು.

ಇಲ್ಲಿ ಹೆಡ್‌ಲೈಟೇ ಒಂದು ಒಳ್ಳೆಯ ಮೀಟರು. ದೀಪ ಹಾಕಿಟ್ಟು ಕೀಲಿ ತಿರುಗಿಸಬೇಕು. ದೀಪ ಪೂರ್ತಿ ಆರಿಹೋಗುವಂತಾದರೆ ಬ್ಯಾಟರಿ ಸತ್ತಿದೆ, ಇಲ್ಲವೇ ಕೊಂಡಿ ಸಡಿಲಾಗಿದೆ. ದೀಪ ಸ್ವಲ್ಪವೂ ಮಂಕಾಗದೆ ಉರಿಯುತ್ತಿದ್ದರೆ ಕರೆಂಟು ಮೋಟಾರಿನವರೆಗೆ ಹೋಗುತ್ತಲೇ ಇಲ್ಲ. ಸೊಲೆನಾಯ್ಡ್, ಕೀಲಿಯ ಸ್ವಿಚ್ಚು ಅಥವಾ ನಡುವಿನ ಸಣ್ಣ ತಂತಿಯನ್ನು ನೋಡಬೇಕು. ‘ಟಿಕ್ ಟಿಕ್ ಟಿಕ್’ ಎಂದು ಒಂದೇ ಸಮನೆ ಬಡಿದುಕೊಂಡರೆ ಸೊಲೆನಾಯ್ಡ್ ಎಳೆಯುತ್ತಿದೆ, ಆದರೆ ಎಳೆದ ಕ್ಷಣದಲ್ಲೇ ವೋಲ್ಟೇಜು ಕುಸಿದು ಬಿಟ್ಟುಬಿಡುತ್ತಿದೆ ಎಂದರ್ಥ.

ಪೂರ್ತಿ ಚಾರ್ಜಾದ, ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಈ ಅಂಕಿ ನೋಡಿ ಬ್ಯಾಟರಿ ಚೆನ್ನಾಗಿದೆ ಎಂದು ತೀರ್ಮಾನಿಸುವುದು ಬಹಳ ಜನ ಮಾಡುವ ತಪ್ಪು. ಪರೀಕ್ಷೆ ನಡೆಯಬೇಕಾದದ್ದು ಸೆಲ್ಫ್ ಹೊಡೆಯುವಾಗ. ಆಗ ಅದು 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಬ್ಯಾಟರಿಯಲ್ಲಿ ದಮ್ಮಿಲ್ಲ. ಇಳಿಯದೆ ಹತ್ತು, ಹನ್ನೊಂದರಲ್ಲೇ ನಿಂತು, ಮೋಟಾರು ಮಾತ್ರ ನಿಧಾನವಾಗಿ ತಿರುಗುತ್ತಿದ್ದರೆ ಅಪರಾಧಿ ಬೇರೆ ಕಡೆ ಇದ್ದಾನೆ. ಹಳೆಯ ಕರಾವಳಿ ಗಾಡಿಗಳಲ್ಲಿ ಹೆಚ್ಚಿನ ಸಲ ಅವನು ಸಿಗುವುದು ನೆಗೆಟಿವ್ ಕಡೆಯಲ್ಲಿ, ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ ಹೋಗುವ ಅರ್ಥಿಂಗ್ ಪಟ್ಟಿಯಲ್ಲಿ.

ಲೆಕ್ಕ ನೋಡಿದರೆ ಇದರ ಗಾಂಭೀರ್ಯ ತಿಳಿಯುತ್ತದೆ. ಡೀಸೆಲ್ ಜೀಪಿನ ಸ್ಟಾರ್ಟರು ಇನ್ನೂರು ಆಂಪಿಯರ್ ಎಳೆಯುವಾಗ ದಾರಿಯಲ್ಲೆಲ್ಲೋ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತುಕ್ಕು ಕೂತಿದ್ದರೂ ಎರಡು ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಅದೇ ತುಕ್ಕಿನ ಮೂಲಕ ಒಂದು ಚಿಕ್ಕ ಬಲ್ಬು ಆರಾಮಾಗಿ ಉರಿಯುತ್ತದೆ, ಹಾಗಾಗಿ ಟೆಸ್ಟ್ ಲ್ಯಾಂಪು ‘ಕರೆಂಟು ಬರುತ್ತಿದೆ’ ಎಂದೇ ಸಾಕ್ಷಿ ಹೇಳುತ್ತದೆ. ಇದನ್ನು ಹಿಡಿಯಲು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಗೂಟಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಪಟ್ಟಿ ಬಿಚ್ಚಿ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಬಳಿಯಬೇಕು. ಮೀಟರಿಲ್ಲದವರು ಜಂಪರ್ ಕೇಬಲ್ಲಿನಿಂದ ನೆಗೆಟಿವ್ ಗೂಟವನ್ನು ನೇರ ಎಂಜಿನ್ನಿಗೆ ಸೇರಿಸಿ ನೋಡಬಹುದು. ಆಗ ಗಾಡಿ ಚುರುಕಾಗಿ ತಿರುಗಿದರೆ ಹೊಸ ಬ್ಯಾಟರಿಯ ದುಡ್ಡು ಉಳಿಯಿತು.

ಘಟ್ಟದ ಬುಡದ ಊರುಗಳಲ್ಲಿ ಇನ್ನೊಂದು ರೂಢಿ ಇದೆ. ಜೀಪನ್ನು ಇಳಿಜಾರಿನಲ್ಲಿ ಮುಖ ಕೆಳಗೆ ಮಾಡಿ ನಿಲ್ಲಿಸುವುದು, ಬೆಳಿಗ್ಗೆ ಕ್ಲಚ್ ಒತ್ತಿ ಉರುಳಿಸಿ ಎರಡನೇ ಗೇರಿನಲ್ಲಿ ಬಿಡುವುದು. ಜಾಣತನವೇ ಸರಿ, ಆದರೆ ಇದು ಕಾಯಿಲೆಯನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ. ಡೈನಮೋ ಚಾರ್ಜ್ ಮಾಡುತ್ತಿಲ್ಲ ಎಂಬ ಸಂಗತಿ ಸಮತಟ್ಟಾದ ಅಂಕೋಲಾ ಪೇಟೆಯಲ್ಲಿ ನಿಂತ ದಿನವಷ್ಟೇ ಬಯಲಾಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಕಾಣಬೇಕು. ಇಳಿಜಾರಿನ ಮಾಲೀಕರು ವರ್ಷಕ್ಕೊಮ್ಮೆಯಾದರೂ ಇದನ್ನು ನೋಡಿಸಿಕೊಳ್ಳುವುದು ಒಳ್ಳೆಯದು.

ಈಗ ಎರಡನೆಯ ಕಾಯಿಲೆ. ಎಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲ್ ಗಾಡಿಯಾದರೆ ಅದಕ್ಕೆ ಬೇಕಾದದ್ದು ಸರಿಯಾದ ಹೊತ್ತಿಗೆ ಕಿಡಿ, ಸರಿಯಾದ ಪ್ರಮಾಣದ ಪೆಟ್ರೋಲು ಮತ್ತು ಗಾಳಿ, ಅದನ್ನು ಒತ್ತಿ ಹಿಡಿಯುವ ಕಂಪ್ರೆಷನ್. ಇವುಗಳಲ್ಲಿ ಕಿಡಿಯನ್ನು ಮೊದಲು ನೋಡುವುದು ವಾಡಿಕೆ. ನೋಡಲು ಸುಲಭ, ಮಳೆಗಾಲದಲ್ಲಿ ಮೊದಲು ಕೆಡುವುದೂ ಅದೇ.

ಕಿಡಿಯ ಕಥೆಯಲ್ಲಿ ಕರ್ನಾಟಕಕ್ಕೆ ಒಂದು ಪಾತ್ರವಿದೆ. ಜರ್ಮನಿಯಲ್ಲಿ ರಾಬರ್ಟ್ ಬಾಷ್ ಅವರ ಕಂಪನಿಯ ಎಂಜಿನಿಯರ್ ಗಾಟ್ಲೋಬ್ ಹೊನೊಲ್ಡ್ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ಗನ್ನು ಒಟ್ಟಿಗೆ ಬಳಕೆಗೆ ತಂದರು. ಅದೇ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ಗುಗಳನ್ನೂ ಡೀಸೆಲ್ ಪಂಪ್‌ಗಳನ್ನೂ ತಯಾರಿಸತೊಡಗಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಆಯಿತು. ಆದರೂ ಅಂಗಡಿಗೆ ಬಂದು ‘ಒಂದು ಮೈಕೋ ಪ್ಲಗ್ ಕೊಡಿ’ ಎನ್ನುವ ಹಿರಿಯರು ಈಗಲೂ ಸಿಗುತ್ತಾರೆ.

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬ್ಯುರೇಟರ್ ಕಾಲದ ಮಾರುತಿ 800, ಓಮ್ನಿ ಇವೆಲ್ಲದರಲ್ಲೂ ಕಿಡಿ ಹುಟ್ಟುವ ಕ್ರಮ ಒಂದೇ ಬಗೆಯದು. ಬ್ಯಾಟರಿಯ 12 ವೋಲ್ಟು ಕಾಯಿಲ್‌ಗೆ ಹೋಗುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಡೆಲ್ಕೋ ಎಂದು ಕರೆಯುವ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟು ಬಾಯಿ ತೆರೆದ ಕ್ಷಣ ಆ ಕರೆಂಟು ಕಡಿಯುತ್ತದೆ, ಕಾಯಿಲ್‌ನ ಎರಡನೇ ಸುತ್ತಿನಲ್ಲಿ ಹದಿನೈದು ಇಪ್ಪತ್ತು ಸಾವಿರ ವೋಲ್ಟ್ ಎದ್ದು, ರೋಟರಿನ ಮೂಲಕ ಸರದಿಯ ಪ್ಲಗ್ಗಿಗೆ ಜಿಗಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ಸುತ್ತುವಾಗ ಈ ಆಟ ಸೆಕೆಂಡಿಗೆ ನೂರು ಸಲ ನಡೆಯಬೇಕು.

ಇಷ್ಟು ದೊಡ್ಡ ವೋಲ್ಟೇಜಿಗೆ ಸುಲಭದ ದಾರಿ ಕಂಡರೆ ಅದು ಪ್ಲಗ್ಗಿನವರೆಗೆ ಹೋಗುವ ಗೋಜಿಗೇ ಹೋಗುವುದಿಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕಿದ್ದು, ಅದರಲ್ಲಿ ತೇವ ಕೂತರೆ ಕಿಡಿ ಅಲ್ಲಿಂದಲೇ ಎಂಜಿನ್ನಿನ ಲೋಹಕ್ಕೆ ಹಾರುತ್ತದೆ. ಹಾರಿದ ಜಾಗದಲ್ಲಿ ಪೆನ್ಸಿಲಿನಲ್ಲಿ ಗೀಚಿದಂತೆ ಕಪ್ಪು ಗೆರೆ ಬೀಳುತ್ತದೆ. ಅದು ಇಂಗಾಲ, ಕರೆಂಟು ಹರಿಯುವ ವಸ್ತು, ಆದ್ದರಿಂದ ಒಣಗಿದ ಮೇಲೂ ಕಿಡಿಗೆ ಅದೇ ದಾರಿ ರೂಢಿಯಾಗುತ್ತದೆ. ಮಳೆಯಲ್ಲಿ ಮಾತ್ರ ಕಾಡುತ್ತಿದ್ದ ಮಿಸ್ಸಿಂಗ್ ಕ್ರಮೇಣ ಬೇಸಿಗೆಯಲ್ಲೂ ಕಾಡತೊಡಗುವುದು ಹೀಗೆ. ಈ ಸೋರಿಕೆಯನ್ನು ಕಣ್ಣಾರೆ ಕಾಣಬಹುದು: ಕತ್ತಲಾದ ಮೇಲೆ, ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಮಂಜಿನಷ್ಟು ನೀರು ಚಿಮುಕಿಸಬೇಕು. ಎಲ್ಲಿ ಸೋರುತ್ತದೋ ಅಲ್ಲಿ ನೀಲಿ ಕಿಡಿಗಳು ಕಾಣುತ್ತವೆ, ಎಂಜಿನ್ ತಡವರಿಸುತ್ತದೆ. ಮೈ ಕೈ ದೂರವಿರಲಿ ಎಂದು ಬೇರೆ ಹೇಳಬೇಕಾಗಿಲ್ಲ.

ಯಾವ ಸಿಲಿಂಡರು ಸೋತಿದೆ ಎಂದು ಹುಡುಕಲು ಹಳಬರು ಮಾಡುವ ಪರೀಕ್ಷೆ ಎಲ್ಲರಿಗೂ ಗೊತ್ತು: ಓಡುವ ಎಂಜಿನ್ನಿನಲ್ಲಿ ಒಂದೊಂದೇ ಪ್ಲಗ್ ವೈರನ್ನು ರಬ್ಬರ್ ಹಿಡಿಯ ಪಕ್ಕಡದಿಂದ ಎಳೆಯುವುದು. ಒಳ್ಳೆಯ ಸಿಲಿಂಡರಿನ ವೈರ್ ಎಳೆದರೆ ಎಂಜಿನ್ ಇನ್ನಷ್ಟು ಕುಗ್ಗುತ್ತದೆ. ಸತ್ತ ಸಿಲಿಂಡರಿನದು ಎಳೆದರೆ ಏನೂ ಆಗುವುದಿಲ್ಲ. ಮೂರೇ ಸಿಲಿಂಡರಿನ ಮಾರುತಿ 800ರಲ್ಲಿ ಒಂದು ಹೋದರೆ ಶಕ್ತಿಯ ಮೂರನೇ ಒಂದು ಭಾಗವೇ ಹೋದಂತೆ, ಆದ್ದರಿಂದ ಅದರ ನಡುಕ ಬಾಗಿಲಿನ ಗಾಜಿನವರೆಗೆ ತಿಳಿಯುತ್ತದೆ. ಪಾಯಿಂಟಿನ ಗಾಡಿಗೆ ಈ ಪರೀಕ್ಷೆ ಸರಿ. ಎಲೆಕ್ಟ್ರಾನಿಕ್ ಇಗ್ನಿಷನ್ನು, ಕಂಪ್ಯೂಟರ್ ಇರುವ ಗಾಡಿಯಲ್ಲಿ ಇದೇ ಸಾಹಸ ಮಾಡಿದರೆ ಹೋಗಲು ದಾರಿಯಿಲ್ಲದ ವೋಲ್ಟೇಜು ಮಾಡ್ಯೂಲನ್ನೇ ಸುಡಬಹುದು.

ಬಿಚ್ಚಿದ ಪ್ಲಗ್ಗೂ ಮಾತಾಡುತ್ತದೆ. ತುದಿ ತಿಳಿಕಂದು ಬಣ್ಣಕ್ಕಿದ್ದರೆ ಕ್ಷೇಮ. ಒಣ ಕಪ್ಪು ಮಸಿ ಕೂತಿದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ, ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲು ಸವೆದಿದೆ, ಬಿಳಿಚಿಕೊಂಡಿದ್ದರೆ ಎಲ್ಲಿಂದಲೋ ಹೆಚ್ಚುವರಿ ಗಾಳಿ ನುಗ್ಗುತ್ತಿದೆ. ಪೆಟ್ರೋಲಿನಲ್ಲಿ ಒದ್ದೆಯಾಗಿ ಬಂದರೆ ಪೆಟ್ರೋಲು ಬರುತ್ತಿದೆ, ಕಿಡಿ ಇಲ್ಲ. ಇಂಥ ಪ್ಲಗ್ ಕಂಡ ಮೇಲೂ ಕಾರ್ಬ್ಯುರೇಟರ್ ಬಿಚ್ಚಲು ಕೂರುವವರಿದ್ದಾರೆ. ಅವರಿಗೆ ಬಿಚ್ಚುವುದೇ ಒಂದು ಚಟ ಇರಬೇಕು.

ಈ ವಿಷಯದಲ್ಲಿ ಮೈಸೂರಿನ ಬೈಕುಗಳದ್ದೇ ಒಂದು ಅಧ್ಯಾಯ. ಐಡಿಯಲ್ ಜಾವಾ ಕಂಪನಿ 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಿಸಿದ ಜಾವಾ ಮತ್ತು ಯೆಜ್ಡಿಗಳು ಮಲೆನಾಡು, ಕರಾವಳಿಯ ಅಂಗಳಗಳಲ್ಲಿ ಇನ್ನೂ ಉಳಿದಿವೆ. ಟೂ ಸ್ಟ್ರೋಕ್ ಎಂಜಿನ್ನಾದ್ದರಿಂದ ಪೆಟ್ರೋಲಿನ ಜೊತೆ ಆಯಿಲ್ ಬೆರೆತೇ ಉರಿಯುತ್ತದೆ, ಪ್ಲಗ್ ಬೇಗ ಮಸಿ ಹಿಡಿಯುತ್ತದೆ. ಕಿಕ್ ಹೊಡೆದು ಹೊಡೆದು ಸುಸ್ತಾದಾಗ ಪ್ಲಗ್ ತೊಳೆದು ಹಾಕುವುದು ಯೆಜ್ಡಿ ಮಾಲೀಕರಿಗೆಲ್ಲ ಗೊತ್ತಿರುವ ಮದ್ದು. ಗೊತ್ತಿರಬೇಕಾದ ಇನ್ನೊಂದು ವಿಷಯವಿದೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪಿನಂತೆ ಕೆಲಸ ಮಾಡಿ ಪೆಟ್ರೋಲು ಗಾಳಿಯ ಮಿಶ್ರಣವನ್ನು ಮೇಲಕ್ಕೆ ತಳ್ಳುತ್ತದೆ. ಕ್ರ್ಯಾಂಕಿನ ಆಯಿಲ್ ಸೀಲ್ ಸವೆದರೆ ಆ ಪಂಪಿಗೆ ತೂತು ಬಿದ್ದಂತೆ. ಕಿಡಿ ಚೆನ್ನಾಗಿದೆ, ಕಾರ್ಬ್ಯುರೇಟರ್ ಹೊಸದು, ಪಿಸ್ಟನ್ನೂ ಹೊಸದು, ಆದರೂ ಬಿಸಿಯಾದಾಗ ಚಾಲೂ ಆಗದ ಯೆಜ್ಡಿಗಳ ಗುಟ್ಟು ಹಲವು ಸಲ ಈ ಸೀಲಿನಲ್ಲಿ ಇರುತ್ತದೆ.

ಬಿಸಿಯಾದಾಗ ಮಾತ್ರ ಎಂಬ ಮಾತು ಬಂತು. ಮೆಕ್ಯಾನಿಕ್‌ಗಳ ತಾಳ್ಮೆ ಪರೀಕ್ಷಿಸುವ ಕಾಯಿಲೆಗಳೆಲ್ಲ ಈ ಜಾತಿಯವು. ತಣ್ಣಗಿದ್ದಾಗ ಹತ್ತು ಹದಿನೈದು ಕಿಲೋಮೀಟರ್ ಓಡಿ, ನಡುರಸ್ತೆಯಲ್ಲಿ ನಿಂತು, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುವ ಗಾಡಿಗೆ ಕಾರಣ ಕಂಡೆನ್ಸರ್ ಇರಬಹುದು, ಕಾಯಿಲ್ ಇರಬಹುದು, ಇಲ್ಲವೇ ಪೆಟ್ರೋಲಿನ ದಾರಿಯೇ ಇರಬಹುದು. ಕಾಯಿಲ್ ಒಳಗಿನ ಸಣ್ಣ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಗ್ಯಾರೇಜಿಗೆ ತಂದಾಗ ಎಲ್ಲವೂ ಸರಿ. ಆದ್ದರಿಂದ ಪರೀಕ್ಷೆ ನಡೆಯಬೇಕಾದದ್ದು ಗಾಡಿ ನಿಂತ ಜಾಗದಲ್ಲಿ, ನಿಂತ ನಿಮಿಷದಲ್ಲಿ. ಹೆಚ್ಚುವರಿ ಪ್ಲಗ್ಗೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡವರು ಅದನ್ನು ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಪೆಟ್ರೋಲಿನ ವಾಸನೆ ಇಲ್ಲದ ಕಡೆ ಕಿಡಿ ನೋಡಬಹುದು. ಕಿಡಿ ಇದ್ದರೆ ಅರ್ಧ ಶಂಕೆ ಅಲ್ಲೇ ಕಳೆಯಿತು.

ಹುಬ್ಬಳ್ಳಿ ರಸ್ತೆಯ ಅರಬೈಲ್ ಘಟ್ಟದಲ್ಲಿ ಏಪ್ರಿಲ್, ಮೇ ತಿಂಗಳಿನಲ್ಲಿ ಬಾನೆಟ್ ಎತ್ತಿ ನಿಂತ ಅಂಬಾಸಿಡರ್‌ಗಳ ದೃಶ್ಯ ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. ಬಳ್ಳಾರಿಯ ಅದಿರನ್ನು ಬೇಲೇಕೇರಿಗೆ ಇಳಿಸಿ ಮರಳುವ ಲಾರಿಗಳ ಹಿಂದೆ ಮುಂದೆ ಒಂದನೇ ಗೇರಿನಲ್ಲಿ ತೆವಳುತ್ತ ಹತ್ತಿದರೆ ಎಂಜಿನ್ನಿನ ಮೈಗೇ ಅಂಟಿಕೊಂಡ ಮೆಕ್ಯಾನಿಕಲ್ ಪಂಪು ಕಾದು, ಒಳಗಿನ ಪೆಟ್ರೋಲು ಕುದಿದು ಆವಿಯಾಗುತ್ತಿತ್ತು. ಪಂಪು ದ್ರವವನ್ನು ಎಳೆದೀತು, ಆವಿಯನ್ನು ಎಳೆಯಲಾರದು. ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಒಂದು ಬೀಡಿ ಸೇದುವಷ್ಟು ಹೊತ್ತು, ಗಾಡಿಯಿಂದ ದೂರ ಎಂದು ಆಶಿಸೋಣ, ಕಾಯುತ್ತಿದ್ದರು. ಮದ್ದು ಶಾಸ್ತ್ರೋಕ್ತವೇ.

ಇದೇ ಲಕ್ಷಣ ತೋರಿಸುವ ಇನ್ನೊಂದು ಕಾರಣ ಟ್ಯಾಂಕಿನ ಮುಚ್ಚಳದಲ್ಲಿದೆ. ಪೆಟ್ರೋಲು ಖಾಲಿಯಾದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು, ಅದಕ್ಕಾಗಿ ಮುಚ್ಚಳದಲ್ಲೋ ಪಕ್ಕದ ಕೊಳವೆಯಲ್ಲೋ ಒಂದು ಸಣ್ಣ ಕಿಂಡಿ ಇರುತ್ತದೆ. ಕೆಸರೋ, ಹುಳ ಕಟ್ಟಿದ ಮಣ್ಣಿನ ಗೂಡೋ ಅದನ್ನು ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲು ನಿಲ್ಲುತ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತಿರುಗಿಸಿದಾಗ ‘ಸುಸ್ಸ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ ಪತ್ತೆ ಮುಗಿಯಿತು. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆ ಮಾಡದೆ ಪಂಪು ಬದಲಿಸಿದವರ ಸಂಖ್ಯೆ ಸಣ್ಣದಿರಲಾರದು.

ಹಳೆಯ ಗಾಡಿಗೆ ಈಚೆಗೆ ಸೇರಿಕೊಂಡ ಹೊಸ ತಲೆನೋವು ಎಥೆನಾಲ್. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಇಂಧನದ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಒಂದು ಮಿತಿಯವರೆಗೆ ನೀರು ಅದರಲ್ಲಿ ಕರಗಿಯೇ ಇರುತ್ತದೆ. ಮಿತಿ ದಾಟಿದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಹೋಗುವ ಪೈಪು ಹೀರುವುದು ಅದೇ ತಳದಿಂದ. ಮಳೆಗಾಲವಿಡೀ ಕಾಲು ಟ್ಯಾಂಕ್ ಪೆಟ್ರೋಲಿನಲ್ಲಿ ನಿಲ್ಲಿಸಿಟ್ಟ ಗಾಡಿ ದಸರೆ ಹೊತ್ತಿಗೆ ಏಕೆ ಹಟ ಹಿಡಿಯುತ್ತದೆ ಎಂಬುದಕ್ಕೆ ಇದು ಒಂದು ಉತ್ತರ. ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಟ್ಟರೆ ಎರಡು ಪದರ ಕಾಣುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ಕಾರ್ಬ್ಯುರೇಟರಿನ ಡಯಾಫ್ರಂಗಳೂ ಎಥೆನಾಲಿಗೆ ತಯಾರಾದವಲ್ಲ. ಊದಿಕೊಂಡು, ಮೆದುವಾಗಿ, ಉದುರಿದ ಚೂರುಗಳು ಜೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ.

ಡೀಸೆಲ್ ಗಾಡಿಗೆ ಬಂದರೆ ಮೇಲೆ ಹೇಳಿದ ಅರ್ಧ ವಿದ್ಯೆ ಕೆಲಸಕ್ಕೆ ಬಾರದು. ಅಲ್ಲಿ ಕಿಡಿಯೇ ಇಲ್ಲ. ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ತೋರಿಸಿಕೊಟ್ಟ ಹಾಗೆ, ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿಗೆ ಹತ್ತಿರ ಹತ್ತಿರ ಒತ್ತಿದರೆ ಅದು ಐನೂರು ಡಿಗ್ರಿ ದಾಟಿ ಕಾಯುತ್ತದೆ. ಆ ಕ್ಷಣದಲ್ಲಿ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹಳೆಯ ಮಹೀಂದ್ರಾ ಜೀಪಿನ ಎಂಜಿನ್ ಬ್ಯಾಟರಿ ಇಲ್ಲದೆಯೂ ಓಡಬಲ್ಲದು, ತಳ್ಳಿ ಚಾಲೂ ಮಾಡಿದರೆ ಸಾಕು. ಆದರೆ ಪೈಪಿನೊಳಗೆ ಒಂದು ಗುಟುಕು ಗಾಳಿ ಸೇರಿದರೆ ಅದರ ಕಥೆ ಮುಗಿಯಿತು. ಡೀಸೆಲ್ಲನ್ನು ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪಿನ ಒತ್ತಡವೆಲ್ಲ ಗುಳ್ಳೆಯನ್ನು ಹಿಚುಕುವುದರಲ್ಲೇ ಕಳೆದು ಇಂಜೆಕ್ಟರ್ ಬಾಯಿ ತೆರೆಯುವುದೇ ಇಲ್ಲ.

‘ಏರ್ ತಗೊಂಡಿದೆ’ ಎಂದು ಎಲ್ಲರೂ ಹೇಳುತ್ತಾರೆ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಏರ್ ತೆಗೆಯುತ್ತಾರೆ. ಗಾಡಿ ಚಾಲೂ ಆಗುತ್ತದೆ. ಮರುದಿನ ಮತ್ತೆ ಅದೇ ರಾಗ. ಗಾಳಿ ತೆಗೆದದ್ದಾಯಿತು, ಬಂದದ್ದೆಲ್ಲಿಂದ ಎಂದು ಯಾರೂ ಕೇಳಲಿಲ್ಲ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಹೀರುವ ಕಡೆಯದು. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ‘ಎಲ್ಲೂ ಲೀಕೇಜ್ ಇಲ್ಲ’ ಎಂಬ ಮಾತು ಇಲ್ಲಿ ಸಾಕ್ಷಿಯಾಗಿ ನಿಲ್ಲದು. ಫಿಲ್ಟರಿಗೆ ಮೊದಲು ಒಂದಡಿ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ತಾತ್ಕಾಲಿಕವಾಗಿ ಸೇರಿಸಿ ನೋಡಿದರೆ ಗುಳ್ಳೆಗಳ ಮೆರವಣಿಗೆ ಕಾಣುತ್ತದೆ. ಆಮೇಲೆ ಟ್ಯಾಂಕಿನ ಕಡೆಗೆ ಒಂದೊಂದೇ ಜೋಡಣೆ ನೋಡುತ್ತ ಹೋಗುವುದು. ಮುಖ ಮೇಲಾಗಿ ಇಳಿಜಾರಿನಲ್ಲಿ ನಿಂತ ಜೀಪಿನಲ್ಲಿ ರಾತ್ರಿ ಡೀಸೆಲ್ ಟ್ಯಾಂಕಿಗೆ ಮರಳಿ ಇಳಿದಿರುತ್ತದೆ. ಮುಖ ಕೆಳಗೆ ಮಾಡಿ ನಿಲ್ಲಿಸಿದ ದಿನ ತೊಂದರೆ ಇಲ್ಲದಿದ್ದರೆ ಶಂಕೆ ಇನ್ನಷ್ಟು ಗಟ್ಟಿ.

ಡೀಸೆಲ್ಲಿನ ಮಿಸ್ಸಿಂಗ್ ಪತ್ತೆಗೆ ಪ್ಲಗ್ ವೈರಿನ ಬದಲು ಇಂಜೆಕ್ಟರ್ ಪೈಪಿನ ನಟ್ಟು. ಓಡುವಾಗ ಒಂದೊಂದನ್ನೇ ಸ್ವಲ್ಪ ಸಡಿಲಿಸಿದರೆ ಆಯಾ ಸಿಲಿಂಡರ್ ಕೆಲಸ ಬಿಡುತ್ತದೆ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ರೋಗಿ. ಆದರೆ ಇಂಜೆಕ್ಟರಿನ ಬಾಯಿಗೆ ಕೈ ಒಡ್ಡಬಾರದು. ನೂರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಮೇಲೆ ಸೂಜಿ ಚುಚ್ಚಿದಷ್ಟು ಗಾಯ ಕಂಡರೂ ಬೆರಳು ಹೋಗುವವರೆಗೆ ಮುಟ್ಟಬಹುದು. ಕಾಮನ್ ರೇಲ್ ಡೀಸೆಲ್‌ಗಳಲ್ಲಿ ಒತ್ತಡ ಇದರ ಹತ್ತು ಪಟ್ಟಿಗೂ ಹೆಚ್ಚು; ಅಲ್ಲಿ ನಟ್ಟಿಗೆ ಕೈ ಹಾಕುವಂತೆಯೇ ಇಲ್ಲ.

ಹೀಟರ್ ಪ್ಲಗ್ ಇರುವ ಎಂಜಿನ್ನುಗಳಲ್ಲಿ ಒಂದು ಪ್ಲಗ್ ಸತ್ತರೆ ಬೆಳಿಗ್ಗೆ ಅರ್ಧ ನಿಮಿಷ ಬಿಳಿ ಹೊಗೆ, ಕುಂಟುವ ಸದ್ದು, ಆಮೇಲೆ ಎಲ್ಲ ಸರಿ. ಮತ್ತೊಂದು ಕಾರಣವಂತೂ ನಗು ತರಿಸುವಂಥದ್ದು. ಹಳೆಯ ಜೀಪುಗಳನ್ನು ನಿಲ್ಲಿಸುವುದು ಡ್ಯಾಶ್‌ಬೋರ್ಡಿನ ಗುಬ್ಬಿ ಎಳೆದು. ಒಳಗೆ ಕೇಬಲ್ ತುಕ್ಕು ಹಿಡಿದು ಪಂಪಿನ ಕಡೆಯ ತೋಳು ಹಿಂದಕ್ಕೆ ಬರದಿದ್ದರೆ ಪಂಪು ‘ನಿಲ್ಲು’ ಎಂಬ ಆಜ್ಞೆಯಲ್ಲೇ ಇರುತ್ತದೆ. ಬಾನೆಟ್ ಎತ್ತಿ ಆ ತೋಳನ್ನು ಬೆರಳಿನಿಂದ ತಳ್ಳಿದರೆ ಗಾಡಿ ಚಾಲೂ.

ಕಿಡಿಯೂ ಇದೆ, ಇಂಧನವೂ ಇದೆ ಎಂದಾದರೆ ಉಳಿದದ್ದು ಕಂಪ್ರೆಷನ್. ಒಂದು ಸಿಲಿಂಡರಿನಲ್ಲಿ ಕಡಿಮೆ ಬಂದರೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡರಲ್ಲಿ ಕಡಿಮೆಯಾದರೆ ನಡುವಿನ ಹೆಡ್ ಗ್ಯಾಸ್ಕೆಟ್. ಎಂಜಿನ್ ಎಂದಿಗಿಂತ ಹಗುರಾಗಿ, ವೇಗವಾಗಿ, ಉಸಿರೇ ಇಲ್ಲದಂತೆ ಗರ್ರನೆ ತಿರುಗಿದರೆ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಹಳೆಯ ಮಾರುತಿ 800ರಲ್ಲಿ ಇದನ್ನು ತಿಳಿಯಲು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಸೆಲ್ಫ್ ಹೊಡೆಸಿದರೆ ಸಾಕು. ಒಳಗಿನ ರೋಟರ್ ತಿರುಗದಿದ್ದರೆ ಬೆಲ್ಟ್ ಹೋಗಿದೆ.

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳಲ್ಲಿ ಗಂಗಾವಳಿ ಉಕ್ಕಿ ಅಂಕೋಲಾ ತಾಲೂಕಿನ ಹಲವು ಊರುಗಳಿಗೆ ನೀರು ನುಗ್ಗಿತ್ತು. ಅಂಥ ನೆರೆ ನೀರಲ್ಲಿ ಮುಳುಗಿದ ಗಾಡಿಗೆ ಮೇಲಿನ ಯಾವ ಪ್ರಶ್ನೆಯೂ ಅನ್ವಯಿಸದು. ಅಲ್ಲಿ ಮೊದಲ ಕೆಲಸ ಕೀಲಿ ತಿರುಗಿಸದೇ ಇರುವುದು. ನೀರು ಸಿಲಿಂಡರಿನೊಳಗೆ ಇದ್ದಾಗ ಸೆಲ್ಫ್ ಹೊಡೆದರೆ ಪಿಸ್ಟನ್ನಿಗೆ ಒತ್ತಲು ಗಾಳಿಯ ಬದಲು ನೀರು ಸಿಕ್ಕಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ಕಳಚಿ, ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಕೈಯಿಂದ ತಿರುಗಿಸಿ ನೀರು ಹೊರಹಾಕಿದ ಮೇಲೆ, ಆಯಿಲು, ಫಿಲ್ಟರು ಬದಲಿಸಿದ ಮೇಲಷ್ಟೇ ಮುಂದಿನ ಮಾತು. ಡಿಪ್‌ಸ್ಟಿಕ್ಕಿನ ಆಯಿಲು ಬಿಳಿಚಾಗಿ ನೊರೆಗಟ್ಟಿದ್ದರೆ ಒಳಗೆ ನೀರು ಸೇರಿರುವುದು ಖಚಿತ.

ಎರಡು ಸಾವಿರದ ಇಸವಿಯ ಈಚೆಗೆ ಪೆಟ್ರೋಲ್ ಕಾರುಗಳಿಗೆ ಫ್ಯುಯಲ್ ಇಂಜೆಕ್ಷನ್ ಬಂದು, 2010ರ ನಂತರ ಬಿಎಸ್ 4 ಗಾಡಿಗಳಿಗೆ ಒಬಿಡಿ ಬಂದ ಮೇಲೆ ಗಾಡಿಯೇ ತನ್ನ ಕಾಯಿಲೆಗೆ ನಂಬರು ಕೊಡುತ್ತದೆ. ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಪಿ0302 ಎಂದರೆ ಎರಡನೆಯದು, ಪಿ0300 ಎಂದರೆ ಅಲ್ಲಲ್ಲಿ. ಸ್ಕ್ಯಾನರ್ ಹೇಳುವುದು ಯಾವ ಸಿಲಿಂಡರ್ ಎಂದಷ್ಟೇ, ಏಕೆ ಎಂದಲ್ಲ. ಸಿಲಿಂಡರಿಗೊಂದು ಕಾಯಿಲ್ ಇರುವ ಗಾಡಿಯಾದರೆ ಒಂದನೆಯದರ ಕಾಯಿಲನ್ನು ಎರಡನೆಯದಕ್ಕೆ ಅದಲು ಬದಲು ಮಾಡಿ ಓಡಿಸಿ ನೋಡಬೇಕು. ಕೋಡು ಪಿ0302 ಆದರೆ ಕಾಯಿಲ್ ಹೋಗಿದೆ. ಮೊದಲಿನದ್ದೇ ಉಳಿದರೆ ಕಾಯಿಲ್ ನಿರಪರಾಧಿ. ಇಂಜೆಕ್ಷನ್ ಗಾಡಿ ಹೊತ್ತಿಕೊಳ್ಳದೇ ಇದ್ದರೆ ಕೀಲಿ ‘ಆನ್’ ಮಾಡಿ ಹಿಂದಿನ ಸೀಟಿನ ಕಡೆ ಕಿವಿ ಕೊಡಬೇಕು, ಟ್ಯಾಂಕಿನೊಳಗಿನ ಪಂಪು ಒಂದೆರಡು ಸೆಕೆಂಡು ಗುಂಯ್ ಎನ್ನಬೇಕು. ಎನ್ನದಿದ್ದರೆ ಫ್ಯೂಸು, ರಿಲೇ, ಆಮೇಲೆ ತಂತಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿನೊಳಗೆ ಸಂಸಾರ ಹೂಡುವ ಇಲಿಗಳು ತಂತಿಯನ್ನು ಬಿಟ್ಟಾವೆ ಎಂದು ನಂಬುವುದು ಕಷ್ಟ.

ಹಿಲ್ಲೂರಿನಿಂದ ಅಂಕೋಲೆಯ ಮೆಕ್ಯಾನಿಕ್ಕಿಗೆ ಫೋನ್ ಮಾಡುವವರು ಈ ಪರೀಕ್ಷೆಗಳನ್ನೆಲ್ಲ ತಾವೇ ಮಾಡಬೇಕೆಂದಿಲ್ಲ. ಎಂಜಿನ್ ತಿರುಗುತ್ತದೆಯೇ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಮಳೆ ಬಂದ ಮರುದಿನವೋ, ಹೊಗೆ ಬಂತೇ, ಬಂದರೆ ಯಾವ ಬಣ್ಣ, ಪೆಟ್ರೋಲು ಯಾವಾಗ ಹಾಕಿಸಿದ್ದು ಎಂದು ಹೇಳಿದರೆ ಆತ ಸರಿಯಾದ ಬಿಡಿಭಾಗವನ್ನೇ ಚೀಲಕ್ಕೆ ಹಾಕಿಕೊಂಡು ಬಂದಾನು. ಜೊತೆಗೆ ತಪ್ಪದೆ ಹೇಳಬೇಕಾದ ಸಂಗತಿ, ಕಳೆದ ಸಲ ಯಾರು ಏನು ಬಿಚ್ಚಿದ್ದರು ಎಂಬುದು. ನಿನ್ನೆ ಪ್ಲಗ್ ತೊಳೆದು ಹಾಕಿದ ಅಂಬಾಸಿಡರ್ ಇವತ್ತು ಸೈಲೆನ್ಸರಿನಲ್ಲಿ ಪಟಾಕಿ ಹೊಡೆಯುತ್ತಿದ್ದರೆ ಕಾಯಿಲ್, ಕಂಡೆನ್ಸರ್ ಎಂದು ಅಲೆಯಬೇಕಾಗಿಲ್ಲ. ಅದರ ಫೈರಿಂಗ್ ಆರ್ಡರ್ 1-3-4-2. ಮೂರಕ್ಕೆ ಹೋಗಬೇಕಾದ ವೈರು ಎರಡರ ತಲೆಯ ಮೇಲೆ ಕೂತಿದೆಯೇ ಎಂದು ನೋಡಿ, ಅದಲು ಬದಲು ಮಾಡಿ ಸಿಕ್ಕಿಸಿದರೆ ಮುಗಿಯಿತು.